ಭಾನುವಾರ ಬೆಲ್ ಹೊಡೆಯುವ ಶಾಲೆ

ನಗು ಬರುವಂಥದ್ದು ಏನೂ ನಡೆಯದೆ ನಮ್ಮ ಶಾಲೆಯಲ್ಲಿ ಒಂದು ವಾರ ಕಳೆದರೆ, ಸ್ಟಾಫ್‌ರೂಮಿನಲ್ಲಿ ಯಾರಿಗೋ ಹುಷಾರಿಲ್ಲ ಅಂತಲೇ ಅರ್ಥ. ಕಾಮಗೆರೆ ಹತ್ತಿರದ ಕ್ರಿಶ್ಚಿಯನ್ ಶಾಲೆ, ನಾನಲ್ಲಿ ಕನ್ನಡ ಮೇಡಂ. ಶಾಲೆ ನಡೆಸುವ ಚರ್ಚಿನ ಸಭೆಯವರಿಗೆ ಶನಿವಾರವೇ ದೇವರ ದಿನ. ಹಾಗಾಗಿ ಶನಿವಾರ ರಜ, ಭಾನುವಾರ ಪಾಠ. ಈ ವರ್ಷವಂತೂ ನಮ್ಮೆಲ್ಲರ ಜೀವ ಹತ್ತನೇ ಕ್ಲಾಸಿನ ಅನುಮತಿ ಮೇಲಿತ್ತು. ಅದು ಸಿಗದಿದ್ದರೆ ಒಂಬತ್ತರ ಮಕ್ಕಳೆಲ್ಲ ಟಿ.ಸಿ. ತಗೊಂಡು ಕೊಳ್ಳೇಗಾಲಕ್ಕೆ ಹೋಗಬೇಕು.

೧. ಅರಿಶಿನದ ತಾತ

ಅರಿಶಿನ ಬೆಳೆಯುವ ತಾತ ಒಬ್ಬರು ಹಣೆ ತುಂಬ ವಿಭೂತಿ ಬಳಿದುಕೊಂಡು ಮೊಮ್ಮಗಳನ್ನು ಸೇರಿಸಲು ಬಂದರು. ಪ್ರಿನ್ಸಿಪಾಲರು ನಿಯಮ ಹೇಳಿದರು: ಮಾಂಸ ಇಲ್ಲ, ಹೆಂಡ ಇಲ್ಲ, ಬೀಡಿ ಇಲ್ಲ, ಶನಿವಾರ ಕೆಲಸ ಇಲ್ಲ.

ತಾತ ನನ್ನ ಕಡೆ ತಿರುಗಿ, "ಅವ್ವಾ, ಇವ್ರು ನಮ್ಮವ್ರೇ ಕಣವ್ವ. ಶನಿದೇವ್ರಿಗೆ ಇಷ್ಟ್ ನಡ್ಕಳೋರ್ನ ನಮ್ ಬೀದೀಲೂ ಕಂಡಿಲ್ಲ" ಅಂದರು.

ಪ್ರಿನ್ಸಿಪಾಲರು ಬೆವರಿಳಿಸಿಕೊಂಡು ಅರ್ಧ ಗಂಟೆ ಯೇಸುವಿನ ವಿಷಯ ವಿವರಿಸಿದರು. ತಾತ ಎಲ್ಲ ಶ್ರದ್ಧೆಯಿಂದ ಕೇಳಿ, "ಆಯ್ತು ಬುದ್ಧಿ, ಅದೆಲ್ಲಾ ಓಗ್ಲಿ. ಎಳ್ಳೆಣ್ಣೆ ತಂದಿವ್ನಿ, ದೀಪ ಎಲ್ಲದೆ?" ಅಂದರು.

೨. ನನ್ನ ಕಷಾಯ

ನಮ್ಮ ಶಾಲೆಯ ನಿಯಮದಲ್ಲಿ ಕಾಫಿಯೂ ಇಲ್ಲ. ನನಗೋ ಕಾಫಿ ಇಲ್ಲದಿದ್ದರೆ ತಲೆ ಓಡಲ್ಲ. ಅನುಮತಿಯ ಫೈಲು ಬರೆಯುತ್ತ ಬರೆಯುತ್ತ ಫ್ಲಾಸ್ಕಿನಿಂದ ಕದ್ದು ಕುಡಿಯುತ್ತಿದ್ದೆ. ಪ್ರಿನ್ಸಿಪಾಲರು ಬಂದೇಬಿಟ್ಟರು.

"ಏನು ಮೇಡಂ ಅದು?"

"ಗಂಟಲು ನೋವು ಸಾರ್, ಕಷಾಯ."

ಪಾಪ, ದೇವರಂಥ ಮನುಷ್ಯ. ಅಲ್ಲೇ ಕಣ್ಣು ಮುಚ್ಚಿ ನನ್ನ ಗಂಟಲಿಗಾಗಿ ಉದ್ದಕ್ಕೆ ಪ್ರಾರ್ಥನೆ ಮಾಡಿದರು. ಕಾಫಿ ಆರಿ ತಣ್ಣಗಾಯಿತು. ಕಣ್ಣು ಬಿಟ್ಟು, "ಈಗ ಹೇಗಿದೆ?" ಅಂದರು.

ಇನ್ನೂ ನೋವಿದೆ ಅನ್ನಲು ಬಾಯಿ ಬರಲಿಲ್ಲ. "ಪೂರ್ತಿ ವಾಸಿ ಸಾರ್" ಅಂದೆ.

"ಸ್ತೋತ್ರ! ಹಾಗಾದ್ರೆ ಇದು ಬೇಡ" ಅಂತ ಫ್ಲಾಸ್ಕು ತಗೊಂಡು ಹೊರಟೇಹೋದರು.

೩. ಸಾಹೇಬರ ಭೇಟಿ

ಒಂದು ಶುಕ್ರವಾರ ಶಿಕ್ಷಣ ಇಲಾಖೆಯ ಸಾಹೇಬರ ಫೋನು ಬಂತು. "ನಾಳೆ ತಪಾಸಣೆಗೆ ಬರ್ತೀನಿ."

"ನಾಳೆ ಆಗಲ್ಲ ಸಾರ್" ಅಂದರು ನಮ್ಮ ಪ್ರಿನ್ಸಿಪಾಲರು. ಕಾರಣ ಹೇಳುವಷ್ಟರಲ್ಲಿ ಆ ಕಡೆ ಫೋನ್ ಕಟ್ಟು. ಅನುಮತಿ ಕಥೆ ಮುಗೀತು ಅಂದುಕೊಂಡೆ.

ಭಾನುವಾರ ಅದೇ ಸಾಹೇಬರು ಸಂಸಾರ ಸಮೇತ ಮಾದಪ್ಪನ ಬೆಟ್ಟಕ್ಕೆ ಹೊರಟಿದ್ದರಂತೆ. ಯೂನಿಫಾರಂ ಹಾಕಿದ ಮಕ್ಕಳು ಗೇಟಿನೊಳಗೆ ಓಡುವುದನ್ನು ಕಂಡು ಕಾರು ನಿಲ್ಲಿಸಿ, ಸೀದಾ ನನ್ನ ಒಂಬತ್ತನೇ ಕ್ಲಾಸಿಗೆ ಬಂದು ಹಿಂದಿನ ಬೆಂಚಲ್ಲಿ ಕೂತರು. ನಾನು ಪಾಠ ಮುಂದುವರಿಸಿದೆ. ಕೇಳಿದ್ದಕ್ಕೆಲ್ಲ ಮಕ್ಕಳು ಪಟಪಟ ಉತ್ತರ ಕೊಟ್ಟವು. ಸಾಹೇಬರು ತಪಾಸಣೆ ಪುಸ್ತಕ ತರಿಸಿ, "ಭಾನುವಾರವೂ ಪಾಠ ನಡೆಸುವ ಶಾಲೆ. ಹತ್ತನೇ ತರಗತಿಗೆ ಶಿಫಾರಸು ಮಾಡಿದೆ" ಅಂತ ಬರೆದು ಸಹಿ ಹಾಕಿಯೇಬಿಟ್ಟರು. ನನಗೆ ಕುಣಿದಾಡುವಷ್ಟು ಖುಷಿ.

ಆದರೆ ಪ್ರಿನ್ಸಿಪಾಲರ ಮುಖ ಸಪ್ಪಗಾಯಿತು. ಬೇಡ ಬೇಡ ಅಂತ ನಾನು ಕಣ್ಸನ್ನೆ ಮಾಡುತ್ತಿದ್ದರೂ ಹೊರಟ ಕಾರಿನ ಹಿಂದೆ ಓಡಿ, "ಸಾರ್, ಇಲ್ಲದ ಹೊಗಳಿಕೆ ನಮಗೆ ಬೇಡ. ಶನಿವಾರ ನಮ್ಮ ಶಾಲೆ ಪೂರ್ತಿ ರಜ" ಅಂದುಬಿಟ್ಟರು.

ಸಾಹೇಬರು ಕಾರಿನ ಗಾಜು ಇಳಿಸಿದರು. "ಇವತ್ತು ಪಾಠ ಆಗಿದ್ದು ನಿಜ ತಾನೇ?"

"ನಿಜ ಸಾರ್."

"ನಾನು ಕಂಡದ್ದು ನಾನು ಬರ್ದಿದ್ದೀನಿ. ಶನಿವಾರದ್ದು ಶನಿವಾರ ಬಂದೋರು ಬರ್ಕೊಳ್ಲಿ, ನಡೀರಿ."