ಇಲಿ ಮೇಡಂಗೆ ಉಣ್ಣೆ ಬೇಕಂತೆ

ಸಿಟ್ಟು ಮಾಡಿಕೊಳ್ಳಬಾರದು ಅಂತ ದಿನಾ ಅಂದುಕೊಂಡೇ ಮನೆ ಬಿಡುತ್ತೇನೆ. ಬೋನಿನ ಹತ್ತಿರ ಹೋಗುವಷ್ಟರಲ್ಲಿ ಯಾರಾದರೂ ಸಿಟ್ಟು ತರಿಸಿರುತ್ತಾರೆ. ನನ್ನ ಕೆಲಸ ಬಯಲಿನ ಇಲಿ ಹಿಡಿಯುವುದು. ಇಲಿ ನೆಪ ಅಷ್ಟೆ. ಬೇಕಿರುವುದು ಅದರ ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ, ಆ ಉಣ್ಣೆ ಕಚ್ಚಿ ರಕ್ತಕ್ಕೆ ಬಿಡುವ ರೋಗಾಣು. ತೋಟದಲ್ಲೆಷ್ಟು, ಗದ್ದೆಯಲ್ಲೆಷ್ಟು, ಕುರುಚಲು ಕಾಡಲ್ಲೆಷ್ಟು ಅಂತ ಹೋಲಿಸಬೇಕು.

೧. ತೋಟದ ಬೋಂಡ

ಅರಳಗುಪ್ಪೆಯ ಒಂದು ತೆಂಗಿನ ತೋಟದಲ್ಲಿ ಸಂಜೆ ಬೋನುಗಳಿಗೆ ಈರುಳ್ಳಿ ಬೋಂಡ ಸಿಕ್ಕಿಸಿ ಬಂದೆ. ಬೆಳಗ್ಗೆ ನೋಡಿದರೆ ಬಾಗಿಲೆಲ್ಲ ತೆರೆದಂತೆಯೇ ಇವೆ, ಬೋಂಡ ಮಾತ್ರ ಇಲ್ಲ. ತೋಟದ ಯಜಮಾನರನ್ನು ವಿಚಾರಿಸಿದೆ. ತಾವೇ ತಿಂದೆ ಅಂತ ಒಪ್ಪಿಕೊಂಡರು. ನಾಚಿಕೆಯ ಸುಳಿವೇ ಇಲ್ಲ.

"ಉಪ್ಪು ಕಮ್ಮಿ ಆಗಿತ್ತು ಕಣಮ್ಮ. ಇಲಿಗೂ ಬಾಯಿರುಚಿ ಅಂತ ಇರ್ತದೆ."

೨. ಗದ್ದೆಯ ಉಪಕಾರ

ದಬ್ಬೇಘಟ್ಟದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಗದ್ದೆಗೆ ಹೋಗುವುದು ತಡವಾಯಿತು. ಅಷ್ಟರಲ್ಲಿ ಪಕ್ಕದ ಗದ್ದೆಯ ಅಜ್ಜಿ ಬೋನಿಗೆ ಬಿದ್ದಿದ್ದ ನನ್ನ ಇಲಿಗಳನ್ನೆಲ್ಲ ಕಾಲುವೆ ನೀರಲ್ಲಿ ಮುಳುಗಿಸಿ ಸಾಯಿಸಿ, ಬದುವಿನ ಮೇಲೆ ಸಾಲಾಗಿ ಮಲಗಿಸಿದ್ದರು. ಮೈತುಂಬ ಉಣ್ಣೆ ಇದ್ದವಂತೆ. ಪಾಪ, ಹುಡುಗಿ ಮುಟ್ಟಬೇಕಲ್ಲ ಅಂತ ಒಂದೊಂದನ್ನೂ ಕಿತ್ತು ಬೆಂಕಿಗೆ ಹಾಕಿದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಂದಿದ್ದೇ ಆ ಉಣ್ಣೆಗೆ ಅಂತ ಕೂಗಾಡಿದೆ. ಅಜ್ಜಿ ಕನಿಕರದಿಂದ ನೋಡಿದರು.

"ಅಷ್ಟೇನಾ, ಬುಡವ್ವ. ನಮ್ಮ ಎಮ್ಮೆ ಮೈಮೇಲೆ ಬೇಕಾದಷ್ಟವೆ, ಕಿತ್ಕೊಂಡೋಗು."

೩. ಸಾಹೇಬರ ಕಿವಿ

ಹುಳಿಯಾರಿನ ಕಡೆ ಕುರುಚಲು ಕಾಡಿಗೆ ನಮ್ಮ ಸಾಹೇಬರೇ ತಪಾಸಣೆಗೆ ಬಂದರು. ಕೈಗವಸು ಕೊಡಿಸಿ ಅಂತ ಕೇಳಿ ಕೇಳಿ ನನ್ನ ಬಾಯಿ ಒಣಗಿತ್ತು. ಅವತ್ತೂ ಕೇಳಿದೆ. ಉಣ್ಣೆ ಏನು ಹುಲಿಯೇ ಅಂತ ನಕ್ಕರು. ಕುರಿಮಂದೆ ಮಲಗೆದ್ದ ಮರದಡಿಯಲ್ಲೇ ಊಟ ಮುಗಿಸಿ, ಕಾಲು ಚಾಚಿ ನಿದ್ದೆ ಹೊಡೆದರು. ಎದ್ದಾಗ ಕಿವಿಯ ಹಿಂದೆ ಒಂದು ಉಣ್ಣೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಜೀಪಿನ ಸುತ್ತ ಕುಣಿದಾಡಿಬಿಟ್ಟರು. ನಾನು ಅವಸರ ಮಾಡಲಿಲ್ಲ. ಚಿಮಟದಿಂದ ಅದನ್ನು ಕಿತ್ತು ಸೀಸೆಗೆ ಹಾಕಿ, ಮೇಲೆ ಚೀಟಿ ಅಂಟಿಸಿದೆ. ಯಾವ ಪ್ರಾಣಿಯ ಮೇಲೆ ಸಿಕ್ಕಿತು ಅಂತ ಚೀಟಿಯಲ್ಲಿ ಬರೆಯಲೇಬೇಕು, ಅವರದೇ ನಿಯಮ.

"ಯಾವ ಪ್ರಾಣಿ ಅಂತ ಬರೀಲಿ ಸರ್?"

ಡ್ರೈವರು ಮುಖ ಆಚೆ ತಿರುಗಿಸಿಕೊಂಡ. ಸಾಹೇಬರು ಕಿವಿ ಉಜ್ಜಿಕೊಳ್ಳುತ್ತ ಜೀಪು ಹತ್ತಿದರು.

ಮರುವಾರವೇ ಕೈಗವಸು ಬಂತು. ಒಂದೇ ಜೊತೆ. ಸಾಹೇಬರು ಅದನ್ನು ಹಾಕಿಕೊಂಡು ಆಫೀಸಿನಲ್ಲಿ ಫೈಲು ನೋಡುತ್ತಾರೆ.