ಕೋಟೆಯ ಬೀಗ, ಅಡುಗೆಮನೆಯ ಬಾಗಿಲು

ನಾನು ಬೀಗ ರಿಪೇರಿ ಮಾಡುವವನು. ಊರಲ್ಲಿ ಯಾರ ಮನೆ ಬಾಗಿಲು ತೆರೆಯದಿದ್ದರೂ ಫೋನು ಬರೋದು ನನಗೇ. ಆದರೆ ನನ್ನ ಹೆಂಡತಿಯ ಕಣ್ಣಿಗೆ ಕಾಣೋದು ಒಂದೇ ಬಾಗಿಲು. ಅದು ನಮ್ಮ ಅಡುಗೆಮನೆಯದು.

"ರೀ, ಊರವರ ಬಾಗಿಲೆಲ್ಲ ತೆಗೀತೀರಿ. ನಮ್ಮದನ್ನ ಯಾವಾಗ ನೋಡ್ತೀರಿ?"

"ನೋಡಿದೀನಿ ಕಣೇ. ಬೀಗ ಬಂಗಾರದ ಹಾಗಿದೆ. ಬಾಗಿಲು ಜಗ್ಗಿ ಕೂತಿದ್ರೆ ಅದು ಬಡಗಿ ಕೆಲಸ. ಇನ್ನೊಬ್ಬರ ಕಸುಬಿಗೆ ಕೈ ಹಾಕೋ ಬುದ್ಧಿ ನನಗಿಲ್ಲ."

ಹೀಗೆ ವೃತ್ತಿಧರ್ಮವನ್ನು ಬೋಧಿಸಿ ನಾನು ಅಂಗಡಿಗೆ ಹೊರಟುಬಿಡುತ್ತಿದ್ದೆ. ಅವಳು ಹಿಡಿಯನ್ನು ಮೇಲಕ್ಕೆತ್ತಿ, ಮೊಣಕಾಲಿನಿಂದ ಬಾಗಿಲಿಗೊಂದು ಏಟು ಕೊಟ್ಟು ಒಳಗೆ ಹೋಗಿ, ಉಳಿದ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಊರಾಚೆ ಗುಡ್ಡದ ಮೇಲೆ ಹಳೇ ಕೋಟೆಯೊಂದಿದೆ. ಅದರ ಬುರುಜಿನ ಒಳಬಾಗಿಲಲ್ಲಿ ನನ್ನ ತಲೆಗಿಂತ ದೊಡ್ಡ ಬೀಗವಿದೆಯಂತೆ. (ನನ್ನ ತಲೆ ದೊಡ್ಡದೇ. ಒಳಗೇನಿದೆ ಅನ್ನೋದರಲ್ಲಿ ಮಾತ್ರ ಮನೆಯಲ್ಲಿ ಭಿನ್ನಾಭಿಪ್ರಾಯ.) ನನಗೆ ಕಸುಬು ಕಲಿಸಿದ ಅಪ್ಪ ಅದನ್ನೊಮ್ಮೆ ನೋಡಬೇಕು ನೋಡಬೇಕು ಅಂತಲೇ ಕಣ್ಣು ಮುಚ್ಚಿದರು. ಬುರುಜನ್ನು ಜನರಿಗೆ ತೆಗೆಯೋದು ವರ್ಷಕ್ಕೊಂದೇ ಭಾನುವಾರ, ಅದೂ ಮಧ್ಯಾಹ್ನದವರೆಗೆ. ಕೋಟೆಯೊಳಗಿನ ಚರ್ಚಿನಲ್ಲಿ ಆರಾಧನೆ ನಡೆಯೋದೂ ಅದೇ ಭಾನುವಾರ, ಅದೇ ಹೊತ್ತಿಗೆ.

ಈ ಸಲದ ಆರಾಧನೆಯಲ್ಲಿ ನನ್ನ ಹೆಂಡತಿ ಮೊಟ್ಟಮೊದಲ ಬಾರಿಗೆ ಒಬ್ಬಳೇ ನಿಂತು ಹಾಡುವವಳಿದ್ದಳು.

"ನೀವು ಎದುರಿಗೇ ಕೂತಿರಬೇಕು. ನಿಮ್ಮ ಮುಖ ನೋಡಿದ್ರೆ ನನಗೆ ಧೈರ್ಯ ಬರುತ್ತೆ."

"ನನ್ನ ಮುಖ ನೋಡಿದ್ರಾ?" ನಾನು ಉಬ್ಬಿಹೋದೆ.

"ಹೂಂ. ಇಷ್ಟು ವರ್ಷ ಈ ಮನುಷ್ಯನನ್ನೇ ಸಂಭಾಳಿಸಿದೀನಿ, ಒಂದು ಹಾಡು ಯಾವ ಮಹಾ ಅನ್ಸುತ್ತೆ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ರಾತ್ರಿಯೆಲ್ಲ ಹೊರಳಾಡಿ ಒಂದು ಮಹಾಯೋಜನೆ ರಚಿಸಿದೆ. ನಮ್ಮ ಪಾದ್ರಿಗಳು ಪ್ರಸಂಗಕ್ಕೆ ನಿಂತರೆ, ಮುಗಿಸೋದರೊಳಗೆ ಹಸುಗೂಸು ಎದ್ದು ನಡೆಯೋದನ್ನು ಕಲಿತುಬಿಡಬಹುದು. ಹಾಡು ಇದ್ದದ್ದು ಪ್ರಸಂಗದ ನಂತರ. ಅವರು ಬಾಯಿ ತೆರೆದ ಕೂಡಲೇ ನಾನು ಪಕ್ಕದ ಬಾಗಿಲಿಂದ ಜಾರಿ, ಅಂಗಳ ದಾಟಿ ಬೀಗ ನೋಡಿ, ಅಪ್ಪನನ್ನು ನೆನೆದು, ಹಾಡಿನ ಹೊತ್ತಿಗೆ ಧೈರ್ಯದಾಯಕ ಮುಖದ ಸಮೇತ ವಾಪಸ್ಸು!

ಹೊರಡುವಾಗ ಅವಳು ನನ್ನ ಜೇಬು ತಪಾಸಣೆ ಮಾಡಿದಳು.

"ದೇವರ ಸನ್ನಿಧಿಗೆ ಸ್ಕ್ರೂಡ್ರೈವರ್ ಯಾಕ್ರೀ?"

"ಅಭ್ಯಾಸ."

"ಅಲ್ಲಿ ತೆಗೀಬೇಕಾದ್ದು ಮನಸ್ಸಿನ ಬಾಗಿಲು. ಇಡಿ ಇಲ್ಲಿ." ಆಯುಧಗಳನ್ನೆಲ್ಲ ಮೇಜಿನ ಮೇಲೆ ಸುರಿದೆ.

ಚರ್ಚಿನಲ್ಲಿ ಎಲ್ಲವೂ ಯೋಜನೆಯಂತೆ ನಡೆಯಿತು. ಅವಳು ಮುಂದೆ ಹಾಡುವವರ ಸಾಲಿನಲ್ಲಿ ಕೂತಳು. ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ಎಲ್ಲರೂ ತಲೆ ತಗ್ಗಿಸಿದ್ದೇ ತಡ, ನಾನು ಬೆಕ್ಕಿನ ಹೆಜ್ಜೆಯಲ್ಲಿ ಪಕ್ಕದ ಬಾಗಿಲು ದಾಟಿದೆ. ಅದು ಹಿಂದಿನಿಂದ ದಬಕ್ಕನೆ ಮುಚ್ಚಿಕೊಂಡಿತು.

ಎದುರಿಗೆ ಅಂಗಳವಿರಲಿಲ್ಲ. ಎರಡು ಪೊರಕೆ, ಕಾಲು ಮುರಿದ ಬೆಂಚು, ಒಂದು ಬಕೆಟ್ಟು ಇದ್ದವು. ಉಗ್ರಾಣ!

ಇರಲಿ, ವಾಪಸ್ಸು ಹೋಗೋಣ ಅಂತ ತಿರುಗಿ ಹಿಡಿ ತಿರುಗಿಸಿದೆ. ಬಾಗಿಲು ಅಲ್ಲಾಡಲಿಲ್ಲ. ನನಗೆ ನಗು ಬಂತು. ಯಾರ ಹತ್ತಿರ ನಿನ್ನ ಆಟ ಅಂತ ಬೀಗಕ್ಕೇ ಹೇಳಿದೆ. ಬೆಲ್ಟಿನ ಕೊಂಡಿ ಹಾಕಿ ನೋಡಿದೆ, ಪೊರಕೆಕಡ್ಡಿ ತೂರಿಸಿದೆ, ಕಿವಿಯಿಟ್ಟು ಆಲಿಸಿದೆ. ಬೀಗ ಬಂಗಾರದ ಹಾಗಿತ್ತು. ಬಾಗಿಲು ಮಾತ್ರ ತೆರೆಯಲೊಲ್ಲದು. ಜೇಬಿನಲ್ಲಿ ಫೋನಿತ್ತು, ಆದರೆ ಯಾರಿಗೆ ಮಾಡಲಿ? ಊರಲ್ಲಿ ಬಾಗಿಲು ತೆಗೆಯುವವನು ನಾನೊಬ್ಬನೇ.

ಅಷ್ಟರಲ್ಲಿ ಪ್ರಸಂಗ ನಿಂತುಹೋಯಿತು. ಪಾದ್ರಿಗಳಿಗೆ ಗಂಟಲು ಕಟ್ಟಿತ್ತಂತೆ. ಜನ್ಮದಲ್ಲಿ ಒಂದೇ ಒಂದು ಸಲ ಕಟ್ಟಿದ್ದು, ಅದೂ ಇವತ್ತೇ! ಬಾಗಿಲು ಬಡಿದು ಕೂಗಿದರೆ ಯಾರಾದರೂ ಬಿಡಿಸುತ್ತಾರೆ, ಬುರುಜು ಮುಚ್ಚುವುದರೊಳಗೆ ಓಡಬಹುದು ಅಂತ ಮುಷ್ಟಿ ಎತ್ತಿದೆ.

ಆಗಲೇ ಅವಳ ಹಾಡು ಶುರುವಾಯಿತು.

ಮೊದಲ ಸಾಲಿನಲ್ಲೇ ದನಿ ನಡುಗಿತು. ಎದುರಿನ ಖಾಲಿ ಜಾಗ ಅವಳ ಕಣ್ಣಿಗೆ ಬಿದ್ದಿರಬೇಕು. ಈಗ ಬಾಗಿಲು ಬಡಿದರೆ ಹಾಡು ಮಣ್ಣುಪಾಲು. ಎತ್ತಿದ ಮುಷ್ಟಿ ಇಳಿಸಿ, ಬಕೆಟ್ಟು ಬೋರಲು ಹಾಕಿ ಕೂತೆ. ಹಾಡು ಕಣೇ, ನಾನಿಲ್ಲೇ ಇದೀನಿ ಅಂತ ಪೊರಕೆಗಳ ಎದುರಿಗೆ ಪಿಸುಗುಟ್ಟಿದೆ. ಎರಡನೇ ಸಾಲಿಗೆ ದನಿ ನಿಂತಿತು, ಮೂರನೆಯದಕ್ಕೆ ಏರಿತು. ದಿನಾ ಪಾತ್ರೆ ಸದ್ದಿನ ನಡುವೆ ಕೇಳಿದ ದನಿಯೇ. ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ. ಕಣ್ಣೀರು ಬಂತು. (ಧೂಳೂ ಇತ್ತು, ಆದರೆ ಅದು ಧೂಳಿನಿಂದಲ್ಲ.) ಹಾಡು ಮುಗಿಯುವಾಗ ಬುರುಜು ಮುಚ್ಚುವ ಗಂಟೆಯೂ ಬಾರಿಸಿತು.

ಆಮೇಲೆ ಬಾಗಿಲು ಬಡಿದೆ.

"ಯಾರ್ರೀ ಒಳಗೆ?" ಅಂದ ಕೋಟೆಯ ಕಾವಲುಗಾರ.

"ಪರಊರಿನವನು," ಅಂದೆ, ದನಿ ಬದಲಿಸಿ.

ಅವನು ಎಳೆದ, ನೂಕಿದ. "ಜಪ್ಪಯ್ಯ ಅಂದ್ರೂ ಬರ್ತಿಲ್ಲ. ಹೆದರಬೇಡಿ ಸ್ವಾಮಿ, ಊರಲ್ಲಿ ಒಬ್ಬ ಒಳ್ಳೇ ಬೀಗದವನಿದ್ದಾನೆ. ಈಗಲೇ ಫೋನ್ ಮಾಡ್ತೀನಿ."

"ಬೇಡ!" ಅನ್ನುವಷ್ಟರಲ್ಲಿ ನನ್ನ ಜೇಬು ಹಾಡತೊಡಗಿತು.

ಹೊರಗೆ ಸಭೆಗೆ ಸಭೆಯೇ ನಕ್ಕಿತು. ಗಂಟಲು ಕಟ್ಟಿದ ಪಾದ್ರಿಗಳ ನಗು ಎಲ್ಲರಿಗಿಂತ ಜೋರಾಗಿತ್ತು.

"ಸರೀರಿ ಎಲ್ರೂ," ಅನ್ನುವ ದನಿ ಕೇಳಿತು. ಆ ದನಿ ನನಗೆ ಗೊತ್ತು. ಹಿಡಿ ಮೇಲಕ್ಕೆದ್ದಿತು. ಮೊಣಕಾಲಿನದೊಂದು ಏಟು. ಬಾಗಿಲು ಹಾಯಾಗಿ ತೆರೆದುಕೊಂಡಿತು.

"ಬೀಗ ಸರಿಯಾಗೇ ಇದೆ," ಅಂದಳು ಎಲ್ಲರೆದುರಿಗೆ. "ಬಾಗಿಲು ಜಗ್ಗಿದೆ, ಅಷ್ಟೆ. ಬಡಗಿ ಕೆಲಸ. ನಮ್ಮವರು ಇನ್ನೊಬ್ಬರ ಕಸುಬಿಗೆ ಕೈ ಹಾಕೋರಲ್ಲ."

ಗುಡ್ಡ ಇಳಿಯುವಾಗ ಅರ್ಧ ದಾರಿಯಲ್ಲಿ ಅವಳು ಕೇಳಿದಳು. "ನಾನು ಹಾಡೋವಾಗ ಬಾಗಿಲು ಯಾಕೆ ಬಡೀಲಿಲ್ಲ? ಬಡಿದಿದ್ರೆ ನೀವು ಆಸೆಪಟ್ಟ ಬುರುಜಿನ ಬೀಗ ನೋಡೋಕೆ ಸಿಕ್ತಿತ್ತಲ್ಲ."

"ಹಾಡು ಕೆಟ್ಟುಹೋಗ್ತಿತ್ತು ಕಣೇ."

ಅವಳು ನನ್ನ ಕೈ ಹಿಡಿದುಕೊಂಡಳು. ಗುಡ್ಡದ ಬುಡದವರೆಗೂ ಬಿಡಲಿಲ್ಲ.

ಮನೆಗೆ ಬಂದವನೇ ಅಂಗಿಯ ತೋಳು ಮಡಚಿ ಅಡುಗೆಮನೆ ಬಾಗಿಲ ಎದುರು ನಿಂತೆ. ಬಡಗಿ ಕೆಲಸವೋ ಬ್ರಹ್ಮನ ಕೆಲಸವೋ, ಇವತ್ತು ಮಾಡಿಯೇ ಸಿದ್ಧ ಅಂತ. ಅಷ್ಟರಲ್ಲಿ ಫೋನು ಬಂತು. ಕೋಟೆಯ ಕಾವಲುಗಾರ.

"ಬುರುಜಿನ ಬಾಗಿಲೂ ಸಿಕ್ಕಿಹಾಕಿಕೊಂಡಿದೆ, ಸ್ವಾಮಿ."

ಆ ದೊಡ್ಡ ಬೀಗ! "ಈಗಲೇ ಬಂದೆ!"

"ನೀವು ಬೇಡ," ಅಂದ ಅವನು. "ಅಮ್ಮಾವ್ರನ್ನ ಕಳಿಸ್ತೀರಾ? ಬೇಕಿದ್ರೆ ನೀವೂ ಜೊತೆಗೆ ಬನ್ನಿ."