ಮಾಮಾನ ಹುಣ್ಣಿಮೆ, ಅತ್ತೆಯ ಈಸ್ಟರ್

ಯೇಸುಸ್ವಾಮಿ ಸತ್ತು ಮೂರನೆಯ ದಿನ ಎದ್ದುಬಂದದ್ದರ ಬಗ್ಗೆ ನಮ್ಮ ಮಾಮಾನಿಗೆ ಎಳ್ಳಷ್ಟೂ ಸಂಶಯವಿಲ್ಲ. ಅವರ ಸಂಶಯವೆಲ್ಲ ತಾರೀಕಿನ ಬಗ್ಗೆ. ದಾಂಡೇಲಿಯ ನಮ್ಮ ಸಭೆಗೆ ಬಂದ ಪಾಸ್ಟರುಗಳೆಲ್ಲ ವರ್ಗ ಮಾಡಿಸಿಕೊಂಡು ಓಡಿದ್ದು ಮಾಮಾನ ಕಾಟಕ್ಕೇ ಎಂದು ಅತ್ತೆ ಈಗಲೂ ಹೇಳುತ್ತಾಳೆ. ಮಾಮಾ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದಾರೆ!

ಕ್ರಿಸ್‌ಮಸ್ಸಿನದು ತಂಟೆಯಿಲ್ಲ. ಡಿಸೆಂಬರ್ ಇಪ್ಪತ್ತೈದು ಎಂದರೆ ಇಪ್ಪತ್ತೈದು. ಈಸ್ಟರ್ ಹಾಗಲ್ಲ. ಮಾರ್ಚಿನಲ್ಲಿ ಹಗಲು ಇರುಳು ಸಮವಾಗಬೇಕು, ಆಮೇಲೆ ಹುಣ್ಣಿಮೆ ಬರಬೇಕು, ಅದಾದ ಮೇಲಿನ ಭಾನುವಾರ ಹಬ್ಬ. ಇದನ್ನೆಲ್ಲ ಹಿಂದಿನವರು ಲೆಕ್ಕ ಹಾಕಿ ಕೋಷ್ಟಕ ಮಾಡಿಟ್ಟಿದ್ದಾರೆ, ನಾವು ಚರ್ಚಿನ ಕ್ಯಾಲೆಂಡರ್ ನೋಡಿ ಸುಮ್ಮನೆ ಹಬ್ಬ ಮಾಡಿ ಮಲಗುತ್ತೇವೆ. ಮಾಮಾ ಸುಮ್ಮನಿರುವ ಪೈಕಿಯೇ? ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬೇರೆಯವರು ಬಿಗಿದ ನಟ್ಟನ್ನು ಬಿಚ್ಚಿ ತಾವೇ ಮತ್ತೊಮ್ಮೆ ಬಿಗಿಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ನಿವೃತ್ತಿಯಾದ ಮೇಲೆ ಬಿಚ್ಚಲು ನಟ್ಟು ಸಿಗದೆ ಈಸ್ಟರನ್ನೇ ಬಿಚ್ಚಿ ಕೂತರು. ಕಿರಾಣಿ ಅಂಗಡಿಯವರು ಕೊಡುವ ತಿಥಿ, ನಕ್ಷತ್ರದ ಕ್ಯಾಲೆಂಡರ್ ಅವರ ಮನೆಯಲ್ಲಿ ಯೇಸುವಿನ ಪಟದ ಪಕ್ಕದಲ್ಲೇ ತೂಗುತ್ತದೆ.

ಪಾಪ, ಅತ್ತೆಗೆ ಬೇಕಾದದ್ದು ಬಹಳ ಸಣ್ಣದು. ನಮ್ಮಲ್ಲಿ ಈಸ್ಟರಿನ ಬೆಳಗಿನ ಜಾವ ಎಲ್ಲರೂ ಬಿಳಿ ಬಟ್ಟೆ ಉಟ್ಟು ಸಮಾಧಿಗಳ ಹತ್ತಿರ ಹೋಗುತ್ತೇವೆ. ಅವರವರ ಮನೆಯವರ ಸಮಾಧಿಗೆ ಹೂ ಇಟ್ಟು, ಮೇಣದಬತ್ತಿ ಹಚ್ಚಿ, ಸೂರ್ಯ ಹುಟ್ಟುವವರೆಗೆ ಹಾಡುತ್ತೇವೆ. ಅತ್ತೆ-ಮಾಮಾನ ಮೊದಲ ಕೂಸು ಅಲ್ಲಿದೆ. ಹೆಸರಿಡುವ ಮೊದಲೇ ಹೋದದ್ದು. ಆ ಸಣ್ಣ ದಿಬ್ಬದ ಹತ್ತಿರ ಒಂದು ಈಸ್ಟರ್ ದಿನವಾದರೂ ಗಂಡ ತನ್ನ ಬಾಜೂಕ್ಕೆ ನಿಲ್ಲಬೇಕು, ಇಬ್ಬರೂ ಸೇರಿ ಬತ್ತಿ ಹಚ್ಚಬೇಕು ಎಂದು ಅವಳ ಆಸೆ. ಕಾರ್ಖಾನೆಯಲ್ಲಿದ್ದಾಗ ಮಾಮಾನಿಗೆ ಪ್ರತಿ ಸಲ ಯಾವುದೋ ಒಂದು ಪಾಳಿ ಅಡ್ಡ ಬರುತ್ತಿತ್ತು. ಕಾರ್ಖಾನೆ ಬಿಟ್ಟ ಮೇಲೆ ಚಂದ್ರ ಅಡ್ಡ ಬಂದ.

ಚಂದ್ರನ ವಿಷಯದಲ್ಲಿ ಮಾಮಾನಿಗೆ ಸಿಕ್ಕ ಒಬ್ಬನೇ ಜೊತೆಗಾರ ಪಕ್ಕದ ಗ್ಯಾರೇಜಿನ ಚಾಚಾ. ಈದಿಗೆ ಚಂದ್ರನನ್ನು ಹುಡುಕಿ ಹುಡುಕಿ ಪಳಗಿದ ಕಣ್ಣು ಅವರದು. ಇಬ್ಬರೂ ಗ್ಯಾರೇಜಿನ ತಾರಸಿ ಹತ್ತಿ ಕಾರ್ಖಾನೆಯ ಹೊಗೆಯ ಕಡೆ ಕತ್ತು ಚಾಚಿ ನಿಲ್ಲುತ್ತಿದ್ದರು. ಇದು ತುಂಬಿದ ಚಂದ್ರನೋ, ಇನ್ನೂ ಒಂದು ದಿನ ಬೇಕೋ ಎಂದು ಮಾಮಾ ವಾದ ಹೂಡಿದರೆ ಚಾಚಾ ಗಡ್ಡ ಕೆರೆದುಕೊಂಡು ಹೇಳಿದರಂತೆ, “ನಮ್ಮಲ್ಲಿ ಚಾಂದ್ ಕಂಡ್ರ ಜಗಳ ಮುಗಿತೈತಿ. ನಿಮ್ಮಲ್ಲಿ ಕಂಡಮ್ಯಾಲ ಚಾಲೂ ಆಕ್ಕೈತಲ್ರೀ.”

ಒಂದು ವರ್ಷವಂತೂ ಹಗಲು ಇರುಳು ಸಮವಾದ ಬೆನ್ನಿಗೇ ಹೋಳಿಹುಣ್ಣಿಮೆ ಬಂದುಬಿಟ್ಟಿತು. ಮಾಮಾನ ಪ್ರಕಾರ ಮುಂದಿನ ಭಾನುವಾರವೇ ಈಸ್ಟರ್. ಚರ್ಚಿನ ಕೋಷ್ಟಕದ ಪ್ರಕಾರ ಆ ಹುಣ್ಣಿಮೆ ಲೆಕ್ಕಕ್ಕಿಲ್ಲ, ಅದರ ಮುಂದಿನದೇ ಆಗಬೇಕು, ಹಬ್ಬಕ್ಕೆ ಇನ್ನೂ ಸುಮಾರು ಒಂದು ತಿಂಗಳಿತ್ತು! ಪಾಸ್ಟರು ಕೈಮುಗಿದು ಬೇಡಿಕೊಂಡರು. ಮಾಮಾ ಕೇಳಬೇಕಲ್ಲ. ನಾವೆಲ್ಲ ಇನ್ನೂ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿರುವಾಗ ಅವರೊಬ್ಬರೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಮಾಧಿಯ ಕಡೆ ಹೊರಟರು. ನಮ್ಮ ಕಡೆ ಹೋಳಿ ಒಂದು ದಿನಕ್ಕೆ ಮುಗಿಯುವುದಿಲ್ಲ ಎಂಬುದು ಚಂದ್ರನ ಗಡಿಬಿಡಿಯಲ್ಲಿ ಅವರಿಗೆ ಮರೆತಿತ್ತು. ವಾಪಸು ಬರುವಾಗ ಓಣಿಯ ಹುಡುಗರು ಹಲಿಗೆ ಬಾರಿಸುತ್ತ ಎದುರಾದರು. ಬಿಳಿ ಅಂಗಿ ಕಂಡರೆ ಬಿಟ್ಟಾರೆಯೇ? ಮಾಮಾ ಕಡುಗುಲಾಬಿಯಾಗಿ ಮನೆಗೆ ಬಂದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಮೇಲಿಂದ ಕೆಳಗೆ ನೋಡಿ, “ನಿಮ್ಮ ಈಸ್ಟರ್ ಭಾಳ ಜೋರ್ ಆಗೇತಿ ಬಿಡ್ರಿ,” ಎಂದು ಬಕೆಟ್ ತರಲು ಒಳಗೆ ಹೋದಳು. ಚರ್ಚಿನ ಈಸ್ಟರಿಗೆ ಮಾತ್ರ ಅವಳೊಬ್ಬಳೇ ಬತ್ತಿ ಹಚ್ಚಿ ಬಂದಳು. ಮಾಮಾ ಹಾಸಿಗೆ ಬಿಟ್ಟು ಏಳಲಿಲ್ಲ. ತಪ್ಪು ದಿನ ಎದ್ದರೆ ಸರಿ ದಿನಕ್ಕೆ ಅವಮಾನವಂತೆ.

ಇದು ಸಾಲದೆಂಬಂತೆ ಮುಂಡಗೋಡದ ಬೀಗರೊಬ್ಬರಿದ್ದಾರೆ, ಮಾಮಾನ ಮಗಳ ಮಾವ. ಅವರು ಹೋಗುವ ಪ್ರಾರ್ಥನಾಮಂದಿರದಲ್ಲಿ ಈಸ್ಟರನ್ನು ಮಾಡಲೇಬಾರದು, ಬೈಬಲಿನಲ್ಲಿ ಅಂಥ ಹಬ್ಬವೇ ಇಲ್ಲ ಎನ್ನುತ್ತಾರೆ. ಅದನ್ನು ತಿಳಿಸಿ ಹೇಳಲೆಂದು ಬೀಗರು ಪ್ರತಿವರ್ಷ ತಪ್ಪದೆ ಈಸ್ಟರ್ ದಿನವೇ, ಮಧ್ಯಾಹ್ನದ ಊಟದ ಹೊತ್ತಿಗೇ ಬರುತ್ತಾರೆ! ಒಬ್ಬರು ಈ ಹಬ್ಬ ಇವತ್ತಲ್ಲ ಎನ್ನುವವರು, ಇನ್ನೊಬ್ಬರು ಎಂದೂ ಅಲ್ಲ ಎನ್ನುವವರು. ಇಬ್ಬರೂ ಎದುರು ಬದುರು ಕೂತು, ಹಬ್ಬಕ್ಕೆ ಮಾಡಿದ ಮಟನ್ ಬಿರಿಯಾನಿಯನ್ನು ಮೂರು ಮೂರು ಸಲ ಹಾಕಿಸಿಕೊಳ್ಳುತ್ತಾರೆ. ಇಷ್ಟಕ್ಕೂ ಹಬ್ಬ ಮಾಡಿದವಳು ಅತ್ತೆಯೊಬ್ಬಳೇ. ಅವಳಿಗೆ ಉಳಿಯುವುದು ಪಾತ್ರೆಯ ತಳ.

ಈ ವರ್ಷ ಅತ್ತೆಯ ಎದೆನೋವು ಜೋರಾಯಿತು. ಹೃದಯದ ಆಪರೇಷನ್ ಆಗಲೇಬೇಕು, ಆಮೇಲೆ ಒಂದೆರಡು ತಿಂಗಳು ಮನೆ ಬಿಟ್ಟು ಹೊರಬರುವಂತಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದರು. ಯಾರ ಲೆಕ್ಕ ಹಿಡಿದರೂ ಈಸ್ಟರ್ ಅಷ್ಟರೊಳಗೇ ಬರುತ್ತಿತ್ತು. ಅತ್ತೆ ನನ್ನನ್ನು ಹತ್ತಿರ ಕರೆದು, “ಕೊಯ್ತಾರಂತ ನನಗೇನ್ ಅಂಜಿಕಿ ಇಲ್ಲಪಾ. ಈ ಸಲ ಆ ಕೂಸಿನ ಹತ್ರ ನಿಲ್ಲೋರು ಯಾರು?” ಎಂದಳು. ಮಾಮಾ ಅಲ್ಲೇ ಗೋಡೆಯ ಕ್ಯಾಲೆಂಡರ್ ಎದುರು ನಿಂತಿದ್ದರು. ಮಾಮಾ ವಾದ ಮಾಡದೆ ನಿಂತದ್ದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

ಆಸ್ಪತ್ರೆಗೆ ಹೋಗುವ ದಿನ ಬೆಳಕು ಹರಿಯುವ ಮೊದಲೇ ಕಾರು ತರಲು ಮಾಮಾ ನನಗೆ ಹೇಳಿದ್ದರು. ಹೋಗಿ ನೋಡಿದರೆ ಅತ್ತೆಗೆ ಬಿಳಿ ಸೀರೆ ಉಡಿಸಿದ್ದಾರೆ. ತಾವು ಅದೇ ಬಿಳಿ ಅಂಗಿ ತೊಟ್ಟಿದ್ದಾರೆ, ಕಾಲರಿನಲ್ಲಿ ಹೋಳಿಯ ಗುಲಾಬಿ ಇನ್ನೂ ಹೋಗಿಲ್ಲ. ಹುಬ್ಬಳ್ಳಿ ದಾರಿಗೆ ತಿರುಗಿಸಲು ಹೋದರೆ, “ಮೊದಲ ಸಮಾಧಿ ಕಡೆ ಹೋಗೂಣು,” ಎಂದರು.

ಅಲ್ಲಿ ಯಾರೂ ಇರಲಿಲ್ಲ. ಅತ್ತೆಯನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ ಆ ಸಣ್ಣ ದಿಬ್ಬದ ಹತ್ತಿರ ನಿಲ್ಲಿಸಿದರು. ಜೇಬಿನಿಂದ ಮೇಣದಬತ್ತಿ ತೆಗೆದು ಅವಳ ಕೈಗೆ ಕೊಟ್ಟು, ಈಸ್ಟರ್ ಬೆಳಿಗ್ಗೆ ನಾವೆಲ್ಲ ಒಬ್ಬರಿಗೊಬ್ಬರು ಹೇಳುವ ಮಾತು ಹೇಳಿದರು, “ಕ್ರಿಸ್ತ ಎದ್ದಾನ.”

ಅತ್ತೆಗೆ ನಗು ಬಂತು. “ಇವತ್ತ ಬುಧವಾರರೀ. ಅದೂ ಅಮಾಸಿ.”

ಮಾಮಾ ಕಡ್ಡಿ ಗೀರುತ್ತಿದ್ದರು. ಮೊದಲನೆಯದು ಗಾಳಿಗೆ ಆರಿತು, ಎರಡನೆಯದಕ್ಕೆ ಬತ್ತಿ ಹೊತ್ತಿತು.

“ಹುಣ್ಣಿಮಿ ತಾನ ಬರತೈತಿ,” ಎಂದರು. “ನೀ ತಿರುಗಿ ಬರಬೇಕು.”

ಬತ್ತಿಗೆ ಗಾಳಿ ತಾಗದಂತೆ ಮಾಮಾ ಅಡ್ಡ ಹಿಡಿದಿದ್ದ ಕೈಗೆ ಅತ್ತೆ ತನ್ನ ಕೈಯನ್ನೂ ಕೂಡಿಸಿ ಹಿಡಿದಳು.